ಉಪ್ಪುಕೋಟೆ ದೊರೆಯ ಬೆನ್ನಿನ ಅಳತೆ

ನಮ್ಮ ಮನೆಯವರನ್ನು ಬೀದಿಯವರೆಲ್ಲ ‘ತಡೀರಿ ಟೈಲರ್’ ಅನ್ನುತ್ತಾರೆ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಾದ ಮೇಲೂ, ಕತ್ತರಿ ಬಾಯಿ ತೆರೆದಾದ ಮೇಲೂ, ಒಮ್ಮೆ ‘ತಡೀರಿ’ ಅನ್ನದೆ ಅವರು ಕತ್ತರಿಸಿದ್ದನ್ನು ನಾನಂತೂ ನೋಡಿಲ್ಲ. ಆಮೇಲೆ ಗಿರಾಕಿಯ ಸುತ್ತ ಒಂದು ಸುತ್ತು ಬಂದು ಪ್ರಶ್ನೆ ಕೇಳಲು ಶುರು. ಕೂತು ಮಾಡೋ ಕೆಲಸವಾ, ನಿಂತು ಮಾಡೋ ಕೆಲಸವಾ? ನಡೆಯುವಾಗ ನೆಲ ನೋಡ್ತೀರಾ, ಎದುರು ನೋಡ್ತೀರಾ? ಬ್ಯಾಂಕಿನವರೊಬ್ಬರು, “ಶರ್ಟು ಹೊಲಿಯೋಕೆ ಕೇಳ್ತಿದ್ದೀರೋ, ಹೆಣ್ಣು ಕೊಡೋಕೆ ಕೇಳ್ತಿದ್ದೀರೋ?” ಎಂದು ರೇಗಿದ್ದೂ ಉಂಟು.

ಹಾಗಂತ ಅದರಲ್ಲಿ ಅರ್ಥವಿಲ್ಲ ಅಂತಲ್ಲ. ಎದೆ ಸೆಟೆಸಿ ನಡೆಯುವವನಿಗೆ ಅಂಗಿಯ ಮುಂಭಾಗ ಉದ್ದ ಬಿಡಬೇಕು, ಬೆನ್ನು ಬಾಗಿದವನಿಗೆ ಹಿಂಭಾಗ ಉದ್ದ ಬಿಡಬೇಕು. ಇಲ್ಲದಿದ್ದರೆ ಎಷ್ಟು ಚೆಂದದ ಬಟ್ಟೆಯಾದರೂ ಒಂದು ಕಡೆ ಮೇಲಕ್ಕೆ ಎಳೆದುಕೊಂಡು ಕೂರುತ್ತದೆ. ಇದನ್ನು ಅವರಿಗೆ ಕಲಿಸಿದ್ದು ಅವರ ಅಣ್ಣ. ಆ ಮಹಾನುಭಾವರ ವಿಷಯ ಆಮೇಲೆ ಹೇಳುತ್ತೇನೆ. ಈಗಲೇ ಶುರು ಮಾಡಿದರೆ ನನ್ನ ಬಾಯಿ ನಿಲ್ಲುವುದಿಲ್ಲ.

ನಾನು ಅದೇ ಅಂಗಡಿಯಲ್ಲಿ ಗುಂಡಿ ಹಾಕುತ್ತೇನೆ, ಅಂಚು ಹೊಲಿಯುತ್ತೇನೆ, ತಡವಾಯಿತೆಂದು ಕೂಗಾಡುವ ಗಿರಾಕಿಗಳಿಗೆ ಉತ್ತರ ಕೊಡುತ್ತೇನೆ. ಆ ಸೋಮವಾರ ಪಕ್ಕದ ಬೀದಿಯ ಹಲ್ಲಿನ ಡಾಕ್ಟರಮ್ಮ ಮತ್ತು ಒಬ್ಬ ಬಸ್ ಡ್ರೈವರು ಕಪ್ಪು ಬಟ್ಟೆಯ ದೊಡ್ಡ ಸುರುಳಿ ಹೊತ್ತುಕೊಂಡು ಒಟ್ಟಿಗೆ ಬಂದರು. ಇಬ್ಬರಿಗೂ ಎಲ್ಲಿಂದ ಎಲ್ಲಿಯ ನಂಟು ಎಂದು ನೋಡಿದರೆ, ಒಂದು ಕಥೆಯ ಹುಚ್ಚು. ಏಳು ಸಂಪುಟವಂತೆ, ಒಂದೊಂದೂ ತಲೆದಿಂಬಿನಷ್ಟು ದಪ್ಪ. ಓದುಗರೆಲ್ಲ ಸೇರಿ ಮುಂದಿನ ತಿಂಗಳು ಒಂದು ಕೂಟ ಮಾಡುತ್ತಾರಂತೆ, ಅದರಲ್ಲಿ ಡ್ರೈವರು ದೊರೆಯ ವೇಷ ಹಾಕುತ್ತಾರಂತೆ. ದೊರೆಗೆ ನೆಲ ಮುಟ್ಟುವ ನಿಲುವಂಗಿ ಆಗಬೇಕು.

“ಸರಿ, ನಿಲ್ಲಿ,” ಎಂದು ಇವರು ಡ್ರೈವರ ಅಳತೆ ತೆಗೆದರು. ಗೆರೆ ಎಳೆದರು. ಕತ್ತರಿ ತೆರೆದರು. “ತಡೀರಿ,” ಅಂದರು.

ನಾನು ಹಣೆ ಚಚ್ಚಿಕೊಂಡೆ.

“ಈ ದೊರೆ ಬಾಗಿ ನಡೀತಾನಾ, ಸೆಟೆದು ನಡೀತಾನಾ?”

“ಬಾಗ್ತಾನೆ,” ಅಂದರು ಡ್ರೈವರು. “ಸೆಟೀತಾನೆ,” ಅಂದರು ಡಾಕ್ಟರಮ್ಮ. ಎರಡೂ ಒಂದೇ ಉಸಿರಿಗೆ ಬಂದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಅಲ್ಲಿಂದ ಎಳೆದಾಟ ಶುರುವಾಯಿತು.

ಅವರ ಕೂಗಾಟದಿಂದ ನನಗೆ ತಿಳಿದ ಕಥೆ ಇಷ್ಟು. ಸಮುದ್ರದ ದಡದಲ್ಲಿ ಉಪ್ಪಿನಿಂದ ಕಟ್ಟಿದ ಕೋಟೆ. ಅದರ ದೊರೆ ಏನು ಮಾಡಿದರೂ ಕಾರಣ ಹೇಳುವವನಲ್ಲ. ಏಳನೆಯ ಸಂಪುಟದ ಕೊನೆಯಲ್ಲಿ ತುಂಬಿದ ಸಭೆಯಲ್ಲಿ ಒಡಹುಟ್ಟಿದ ತಮ್ಮನ ಕತ್ತಿ ಕಸಿದುಕೊಂಡು, ಅವನನ್ನು ಕೋಟೆಯಿಂದ ಹೊರಗೆ ದಬ್ಬಿಸಿ, ಬಾಗಿಲು ಹಾಕಿಸುತ್ತಾನೆ. ಸ್ವಲ್ಪ ದಿನಕ್ಕೆ ಸಮುದ್ರ ಉಕ್ಕಿ ಕೋಟೆಯೇ ಕರಗಿಹೋಗುತ್ತದೆ. ಬದುಕಿ ಉಳಿದನೆಂದು ಗೊತ್ತಿರುವುದು ಆ ತಮ್ಮ ಒಬ್ಬನೇ. ದೊರೆ ಏನಾದನೋ ಯಾರಿಗೂ ಗೊತ್ತಿಲ್ಲ. ಎಂಟನೆಯ ಸಂಪುಟ ಇನ್ನೂ ಬಂದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಲು ಬಂದಿದ್ದಾರಲ್ಲಪ್ಪ ಅಂದುಕೊಂಡೆ.

“ಸಮುದ್ರ ಬರೋದು ಅವನಿಗೆ ಮೊದಲೇ ಗೊತ್ತಿತ್ತು ಕಣ್ರೀ,” ಅಂದರು ಡ್ರೈವರು. “ಹೋಗು ಅಂದ್ರೆ ಆ ತಮ್ಮ ಹೋಗ್ತಿರಲಿಲ್ಲ. ಅದಕ್ಕೇ ಅವಮಾನ ಮಾಡಿ ಓಡಿಸಿದ. ಅಷ್ಟು ಭಾರ ಹೊತ್ತೋನು ಬಾಗದೆ ಇರ್ತಾನಾ?”

“ಏನೂ ಗೊತ್ತಿರಲಿಲ್ಲ!” ಅಂದರು ಡಾಕ್ಟರಮ್ಮ. “ಸಿಂಹಾಸನ ತನಗೊಬ್ಬನಿಗೇ ಇರಲಿ ಅಂತ ತಮ್ಮನನ್ನ ಕಿತ್ತು ಹಾಕ್ದ. ಅಂಥೋನು ಎದೆ ಉಬ್ಬಿಸ್ಕೊಂಡೇ ನಡೀತಾನೆ.”

ಇವರು ಕತ್ತರಿ ಕೆಳಗಿಟ್ಟು ಮೆಲ್ಲಗೆ ಕೇಳಿದರು: “ಬಾಗಿಲು ಹಾಕುವಾಗ ದೊರೆ ತಮ್ಮನ ಮುಖ ನೋಡಿದನಾ?”

ಡಾಕ್ಟರಮ್ಮ ಚೀಲದಿಂದ ಆ ತಲೆದಿಂಬನ್ನು ತೆಗೆದು ಹುಡುಕಿದರು. ದೊರೆ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ ಎಂದಷ್ಟೇ ಬರೆದಿತ್ತು. ನೋಡಲಾರದೆ ತಿರುಗಿದ್ದು ಎಂದರು ಒಬ್ಬರು, ನೋಡುವ ಗರಜೇ ಇರಲಿಲ್ಲ ಎಂದರು ಇನ್ನೊಬ್ಬರು. ನಮ್ಮವರು ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಿದ್ದರು. ನನ್ನ ಸೂಜಿ ನಿಂತುಹೋಯಿತು. ಇವರು ಕೇಳುತ್ತಿರುವುದು ಯಾವ ದೊರೆಯ ವಿಷಯ ಎಂದು ನನಗೆ ಗೊತ್ತಿತ್ತು.

ಈಗ ಆ ಮಹಾನುಭಾವರ ವಿಷಯ ಹೇಳಲೇಬೇಕು. ನಮ್ಮ ಮಾವ ಬೇಗ ತೀರಿಕೊಂಡರು. ಇವರನ್ನು ಸಾಕಿದ್ದು, ಕೈಹಿಡಿದು ಕೆಲಸ ಕಲಿಸಿದ್ದು ಎಲ್ಲ ಇವರ ಅಣ್ಣ, ನನ್ನ ಭಾವ. ಇಬ್ಬರೂ ಒಂದೇ ಅಂಗಡಿಯಲ್ಲಿ ಹೊಲಿಯುತ್ತಿದ್ದರು. ನಮ್ಮ ಮಗಳು ತೊಟ್ಟಿಲಲ್ಲಿದ್ದಾಗ ಒಂದು ದಿನ, ಗಿರಾಕಿಯ ಕೋಟಿನ ಬಟ್ಟೆ ಕೆಡಿಸಿದ್ದನ್ನೇ ನೆಪ ಮಾಡಿಕೊಂಡು, ನಾಲ್ಕು ಜನರ ಮುಂದೆ ಇವರ ಕೈಯಿಂದ ಕತ್ತರಿ ಕಿತ್ತುಕೊಂಡು, “ಇನ್ನು ಈ ಹೊಸ್ತಿಲು ತುಳಿದ್ರೆ ನೋಡು” ಅಂದುಬಿಟ್ಟರು. ಮಾರನೆಯ ಬೆಳಿಗ್ಗೆ ತಳ್ಳುಗಾಡಿಯಲ್ಲಿ ಒಂದು ಹೊಲಿಗೆ ಮೆಷಿನ್ ಬಂತು. ಹಳೆಯದಲ್ಲ, ಅಂಗಡಿಯ ಹೊಸ ಮೆಷಿನ್. ಜೊತೆಗೆ ಒಂದು ಮಾತಿಲ್ಲ. ಮುಂದಿನ ವರ್ಷ ರಸ್ತೆ ಅಗಲ ಮಾಡುವವರು ಬಂದು ಆ ಅಂಗಡಿಯನ್ನೇ ಕೆಡವಿದರು. ಭಾವ ಯಾರದೋ ಬಟ್ಟೆ ಕಾರ್ಖಾನೆಗೆ ಕೂಲಿಗೆ ಸೇರಿದರು. ಅಣ್ಣತಮ್ಮಂದಿರು ಮತ್ತೆ ಮುಖ ನೋಡಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲೂ ಎರಡು ಪಕ್ಷ. ಅಂಗಡಿ ತನ್ನೊಬ್ಬನದೇ ಆಗಲಿ ಎಂದು ಓಡಿಸಿದರು ಅನ್ನುವುದು ನನ್ನ ಪಕ್ಷ. ಅಂಗಡಿ ಹೋಗುತ್ತದೆ ಎಂದು ಅಣ್ಣನಿಗೆ ಮೊದಲೇ ಗೊತ್ತಿತ್ತು, ತಮ್ಮ ಬೇರೆ ಕಡೆ ಬೇರು ಬಿಡಲಿ ಎಂದೇ ಹೊರಗೆ ಹಾಕಿದ ಅನ್ನುವುದು ಇವರ ಪಕ್ಷ. “ಹಾಗಿದ್ರೆ ಹೋಗಿ ಮಾತಾಡಿಸ್ರೀ” ಅಂದರೆ, “ತಡಿಯೇ, ಅಕಸ್ಮಾತ್ ನೀನು ಹೇಳಿದ್ದೇ ನಿಜ ಆಗಿದ್ರೆ?” ಅನ್ನುತ್ತಿದ್ದರು. ಒಂದು ಕೋಟಿನ ಬಟ್ಟೆಗೋಸ್ಕರ ಯಾರಾದರೂ ತಮ್ಮನನ್ನು ಬಿಡುತ್ತಾರಾ, ಅದರ ಹಿಂದೆ ಏನೋ ಇರಲೇಬೇಕು ಎನ್ನುವುದರಲ್ಲಿ ಮಾತ್ರ ನಮ್ಮಿಬ್ಬರದೂ ಒಮ್ಮತ.

ಆ ಡಾಕ್ಟರಮ್ಮ ಬರುವ ಹಿಂದಿನ ದಿನವೇ ಭಾವನ ಮಗಳು ಫೋನ್ ಮಾಡಿದ್ದಳು. “ಚಿಕ್ಕಪ್ಪಾ, ಬರೋ ಭಾನುವಾರ ಅಪ್ಪನ್ನ ನನ್ನ ಮನೆಗೆ ಕರ್ಕೊಂಡು ಹೋಗ್ತಿದೀನಿ. ಬಹಳ ದೂರ. ಅವರಿಗೆ ಮತ್ತೆ ಇಷ್ಟು ದೂರ ಬರೋಕಾಗಲ್ಲ. ಒಂದ್ಸಲ ಬಂದು ನೋಡ್ಕೊಂಡು ಹೋಗಿ.” ಇವರು “ನೋಡೋಣಮ್ಮ” ಅಂದು ಫೋನ್ ಇಟ್ಟರು. ಅವತ್ತಿನಿಂದ ಊಟ ಸರಿಯಾಗಿ ಇಳಿಯುತ್ತಿರಲಿಲ್ಲ. ಮುಖ ನೋಡಿದರೆ ನನಗೆ ಒಂದು ಕಡೆ ಕೋಪ, ಒಂದು ಕಡೆ ಕರುಳು ಚುರುಕ್ ಅನ್ನುತ್ತಿತ್ತು.

ಮಂಗಳವಾರ ಆ ಇಬ್ಬರೂ ಮತ್ತೆ ಬಂದರು. ಬುಧವಾರವೂ ಬಂದರು. ಕಪ್ಪು ಬಟ್ಟೆ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಇವರು ಮೆಷಿನ್ನಿನ ಮೇಲೆ ಮೊಣಕೈ ಊರಿ, ನ್ಯಾಯಾಧೀಶರ ಹಾಗೆ ಎರಡೂ ಕಡೆ ಕೇಳುತ್ತಿದ್ದರು. ತಮ್ಮನಿಗೆ ದಾರಿಗೆ ಏನಾದರೂ ಕೊಟ್ಟನಾ? ಕುದುರೆ ಕೊಟ್ಟ. ಎಂಥ ಕುದುರೆ? ಲಾಯದಲ್ಲೇ ಒಳ್ಳೆಯದು. ಇವರ ಮುಖ ಅರಳಿತು. “ಅದು ಪ್ರೀತಿಯಲ್ಲ, ಬೇಗ ತೊಲಗಲಿ ಅಂತ,” ಅಂದರು ಡಾಕ್ಟರಮ್ಮ. ಇವರ ಮುಖ ಬಾಡಿತು.

ಗುರುವಾರ ಬಂದಾಗ ನೋಡಿದರೆ ಕಥೆಯೇ ತಿರುವುಮುರುವು. ಡಾಕ್ಟರಮ್ಮ ಮೂರನೆಯ ಸಂಪುಟವನ್ನು ಮತ್ತೆ ಓದಿ, ದೊರೆಗೆ ಸಮುದ್ರದ ವಿಷಯ ಗೊತ್ತಿತ್ತು, ಪಾಪ ಒಳ್ಳೆಯವನೇ ಅನ್ನುತ್ತಿದ್ದರು. ಡ್ರೈವರು ಐದನೆಯದನ್ನು ಮತ್ತೆ ಓದಿ, “ಇಲ್ಲ ಮೇಡಂ, ಗೊತ್ತಿದ್ರೆ ಊರಿನ ಜನಕ್ಕೆ ಯಾಕೆ ಹೇಳ್ಲಿಲ್ಲ? ಪಕ್ಕಾ ಕಟುಕ ಅವನು,” ಅನ್ನುತ್ತಿದ್ದರು. ಇವರು ನನ್ನ ಕಡೆ ತಿರುಗಿ ಪಿಳಿಪಿಳಿ ಕಣ್ಣು ಬಿಟ್ಟರು.

“ಅಲ್ಲ ಕಣೇ, ಇಷ್ಟು ಓದಿದವರಿಗೇ ಗೊತ್ತಾಗ್ತಿಲ್ಲ ಅಂದ್ರೆ, ನನಗೆ ಹೆಂಗೆ ಗೊತ್ತಾಗ್ಬೇಕು?”

ನನಗೆ ತಡೆಯಲಾಗಲಿಲ್ಲ. ಗಿರಾಕಿಗಳಿದ್ದಾರೆ ಅನ್ನುವುದನ್ನೂ ನೋಡದೆ ಶುರು ಮಾಡಿದೆ. “ರೀ, ಅವರ ದೊರೆ ಪುಸ್ತಕದೊಳಗಿದ್ದಾನೆ. ಎಂಟನೇದು ಬರೋವರೆಗೂ ಅವನನ್ನ ಯಾರೂ ಕೇಳೋಕಾಗಲ್ಲ, ಅದಕ್ಕೆ ಜಗಳ ಆಡ್ತಿದ್ದಾರೆ. ನಿಮ್ಮಣ್ಣಂಗೆ ಏನಾಗಿದೆ? ಎರಡು ಬಸ್ ಬದಲಾಯಿಸಿದ್ರೆ ಸಿಗ್ತಾರೆ! ವಿಷಯ ಗೊತ್ತಾಗೋವರೆಗೂ ಹೋಗಲ್ಲ ಅಂತೀರಾ, ಹೋಗೋವರೆಗೂ ಗೊತ್ತಾಗಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂದಂಗಾಯ್ತು. ಭಾನುವಾರ ರೈಲು ಹತ್ತಿದ ಮೇಲೆ ಯಾರನ್ನ ಕೇಳ್ತೀರಿ, ಈ ಡ್ರೈವರನ್ನಾ?”

ಡ್ರೈವರು ಟೋಪಿ ಕೈಗೆತ್ತಿಕೊಂಡು, “ನಾವು ಆಮೇಲೆ ಬರ್ತೀವಿ,” ಎಂದು ಡಾಕ್ಟರಮ್ಮನನ್ನೂ ಕರೆದುಕೊಂಡು ಹೊರಟರು.

ಮಾರನೆಯ ದಿನ ಇವರು ಬೇರೆಲ್ಲ ಕೆಲಸ ಬದಿಗಿಟ್ಟು ಬಿಳಿಯ ಬಟ್ಟೆಯಲ್ಲಿ ಒಂದು ಶರ್ಟು ಹೊಲಿದರು. ಅಳತೆ ಕಣ್ಣಂದಾಜಿನದು, ನೆನಪಿನದು. ಮುಂಭಾಗ ಉದ್ದ ಬಿಟ್ಟರು. ಅಣ್ಣ ನಡೆದರೆ ಬೀದಿಗೆ ಬೀದಿಯೇ ದಾರಿ ಬಿಡುತ್ತಿತ್ತು, ಅಷ್ಟು ಸೆಟೆದ ಎದೆ. ಅದು ನನಗೂ ನೆನಪಿತ್ತು. ನನ್ನ ಸಿಟ್ಟಿಗೆ ಅರ್ಧ ಕಾರಣ ಆ ನಡಿಗೆಯೇ.

ಶನಿವಾರ ಹೋದೆವು. ಒಂದು ಕೋಣೆಯ ಮನೆ, ಕಟ್ಟಿಟ್ಟ ಪೆಟ್ಟಿಗೆಗಳು, ಗೋಡೆಗೊರಗಿಸಿದ ಸುತ್ತಿದ ಹಾಸಿಗೆ. ಬಾಗಿಲು ತೆರೆದ ಮುದುಕರನ್ನು ನೋಡಿ, ಯಾರನ್ನು ಕೇಳಿಕೊಂಡು ಬಂದಿದ್ದೇವೆ ಎಂದು ಹೇಳಲು ಬಾಯಿ ತೆರೆದವಳು ಹಾಗೇ ನಿಂತೆ. ಭಾವ! ಬೆನ್ನು ಕೊಡೆಯ ಹಿಡಿಯ ಹಾಗೆ ಬಾಗಿಹೋಗಿತ್ತು. ನಮ್ಮ ಮುಖ ನೋಡಲು ಅವರು ಕತ್ತನ್ನು ಓರೆಯಾಗಿ ಎತ್ತಬೇಕಾಯಿತು. ಇವರು ಹೊಸ್ತಿಲ ಆಚೆಯೇ ನಿಂತಿದ್ದರು.

“ಒಳಗೆ ಬಾರೋ,” ಅಂದರು ಭಾವ, ಬೆಳಿಗ್ಗೆ ತಾನೇ ಹೊರಗೆ ಹೋದವನನ್ನು ಕರೆಯುವ ಹಾಗೆ.

ಮಗಳು ಟೀ ಕೊಟ್ಟಳು. ಕೊನೆಗೆ ಇವರು ಶರ್ಟು ಕೊಟ್ಟರು. ಭಾವ ಹಾಕಿಕೊಂಡರು. ಮುಂಭಾಗ ಮೊಣಕಾಲಿಗೆ ಜೋತುಬಿತ್ತು, ಹಿಂಭಾಗ ಸೊಂಟದ ಮೇಲಕ್ಕೇರಿ ಕೂತಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಭಾವ ಅಂಚನ್ನು ಬೆರಳಲ್ಲಿ ಸವರಿ, “ಹೊಲಿಗೆ ಚೆನ್ನಾಗಿದೆ. ಅಳತೆ ಯಾರದು?” ಅಂದರು.

“ನಿಂದೇ ಅಣ್ಣ. ಆವಾಗಿಂದು,” ಅಂದರು ಇವರು.

ಇವರು ಜನ್ಮದಲ್ಲಿ ಕೇಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ನಾನೇ ಕೇಳಿದೆ. “ಭಾವ, ಅವತ್ತು ಇವರನ್ನ ಯಾಕೆ ಹೊರಗೆ ಹಾಕಿದ್ರಿ? ಅಂಗಡಿ ನಿಮ್ಮೊಬ್ಬರದೇ ಆಗಲಿ ಅಂತಲಾ? ಇಲ್ಲಾ, ಕೆಡವೋದು ಮೊದಲೇ ಗೊತ್ತಿತ್ತಾ?”

ಭಾವ ಕತ್ತು ಓರೆ ಮಾಡಿ ನನ್ನನ್ನೇ ನೋಡಿದರು. “ಗೊತ್ತಿದ್ದಿದ್ರೆ ಹಿಂದಿನ ತಿಂಗಳು ಸಾಲ ಮಾಡಿ ಆ ಗೋಡೆಗೆ ಬಣ್ಣ ಹೊಡೆಸ್ತಿದ್ನೇನಮ್ಮ? ಅಷ್ಟು ಬುದ್ಧಿ ಇದ್ದಿದ್ರೆ ನಾನೂ ಬಚಾವಾಗ್ತಿದ್ದೆ.”

“ಮತ್ಯಾಕೆ?”

“ಕೋಟು ಕೆಡಿಸಿದ. ತಡಿಯೋ, ತಡಿಯೋ ಅಂತ ಎರಡು ಸಲ ಕೂಗಿದೆ. ಕೇಳದೆ ಕತ್ತರಿಸಿಬಿಟ್ಟ. ಕೋಪ ಬಂತು.”

“ಅಷ್ಟೇನಾ?”

“ಅಷ್ಟೇ.”

ನಮ್ಮವರು ದಿನಕ್ಕೆ ಹತ್ತು ಸಲ ಅನ್ನುವ ‘ತಡೀರಿ’ ಎಲ್ಲಿಂದ ಬಂತು ಎಂದು ಇಷ್ಟು ವರ್ಷ ಜೊತೆಗಿದ್ದ ನನಗೆ ಆವತ್ತು ಗೊತ್ತಾಯಿತು. ಆದರೂ ಬಿಡಲಿಲ್ಲ. “ಹಾಗಾದ್ರೆ ಹೊಸ ಮೆಷಿನ್ ಯಾಕೆ ಕಳಿಸಿದ್ರಿ?”

“ಹೊಲಿಯೋನಿಗೆ ಮೆಷಿನ್ ಬೇಡ್ವಾ?” ಅಂದರು, ಇದೂ ಒಂದು ಪ್ರಶ್ನೆಯೇ ಅನ್ನುವ ಹಾಗೆ. ಆಮೇಲೆ ತಮ್ಮನ ಕಡೆ ತಿರುಗಿದರು. “ಅವತ್ತು ಸಾಯಂಕಾಲ ಬರ್ತೀಯ ಅಂತ ನಿನ್ನ ಪಾಲಿನ ಟೀ ಮುಚ್ಚಿಟ್ಟಿದ್ದೆ. ಮಾರನೇ ದಿನವೂ ನೋಡಿದೆ.”

“ಹೊಸ್ತಿಲು ತುಳೀಬೇಡ ಅಂದಿದ್ಯಲ್ಲ ಅಣ್ಣ.”

“ನಾನು ಹೇಳಿದ್ದನ್ನ ನೀನು ಹುಟ್ಟಿದಾಗಿಂದ ಯಾವತ್ತಾದ್ರೂ ಕೇಳಿದ್ದೀಯೇನೋ? ಅದೊಂದನ್ನೇ ಯಾಕೋ ಕೇಳಿದೆ?”

ಇವರು ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು. ಭಾವ ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. ಶರ್ಟು ಕಳಚಿ ಇವರ ತೊಡೆಯ ಮೇಲಿಟ್ಟು, “ಬಿಚ್ಚು. ನಾಳೆ ರೈಲಿಗೆ ಹಾಕ್ಕೋಬೇಕು,” ಅಂದರು. ಕಟ್ಟಿಟ್ಟ ಪೆಟ್ಟಿಗೆ ತೆರೆಸಿ ಕತ್ತರಿ ಹುಡುಕಿಸಿದರು. ಅಣ್ಣ ಸಣ್ಣ ಹೊಲಿಗೆ ಕಣ್ಣಿಗೆ ಕಾಣದೆ ಬೆರಳಲ್ಲೇ ಹೊಲಿಗೆಯ ದಾರಿ ತೋರಿಸಿದರು, ತಮ್ಮ ಬಿಚ್ಚಿದರು. ಮುಂಭಾಗದಿಂದ ಕತ್ತರಿಸಿದ ಪಟ್ಟಿಯನ್ನು ನಾನೇ ಹಿಂಭಾಗಕ್ಕೆ ಕೂಡಿಸಿ ಹೊಲಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತಲೆ ಕಲಸಿದ ಹಿಟ್ಟಾಗಿತ್ತು. ಇಷ್ಟು ವರ್ಷ ಆ ಮನುಷ್ಯನನ್ನು ಬಾಯಿಗೆ ಬಂದ ಹಾಗೆ ಬೈದದ್ದೆಲ್ಲ ಈಗ ಯಾರ ತಲೆಗೆ ಕಟ್ಟಲಿ? ಕೇಡೂ ಇಲ್ಲ, ತ್ಯಾಗವೂ ಇಲ್ಲ, ಒಂದು ಸಿಟ್ಟು ಮತ್ತು ಆರಿಹೋದ ಒಂದು ಲೋಟ ಟೀ. ಕೋಪದಲ್ಲಿ ಓಡಿಸಿದವರು ಹೊಸ ಮೆಷಿನ್ ಕೊಟ್ಟು ಹಳೆಯದನ್ನು ಇಟ್ಟುಕೊಳ್ಳುತ್ತಾರಾ? ಇವರನ್ನು ಕೇಳಿದರೆ, “ನಂಗೂ ಗೊತ್ತಾಗ್ತಿಲ್ಲ ಕಣೇ,” ಅಂದರು. ಆದರೆ ಅವತ್ತು ಮನೆಗೆ ಬಂದು ಎರಡು ಸಲ ಹಾಕಿಸಿಕೊಂಡು ಊಟ ಮಾಡಿದರು.

ಸೋಮವಾರ ಕಪ್ಪು ಬಟ್ಟೆಗೆ ಕತ್ತರಿ ಬಿತ್ತು. ವಾರ ಕಳೆದು ಡ್ರೈವರು ನಿಲುವಂಗಿ ಹಾಕಿ ನೋಡಿದರೆ ಹಿಂಭಾಗ ನೆಲದ ಮೇಲೆ ಎಳೆಯುತ್ತಿತ್ತು.

“ಹಿಂದೆ ಉದ್ದ ಬಿಟ್ಟಿದ್ದೀರಿ! ಅಂದ್ರೆ ದೊರೆ ಒಳ್ಳೆಯವನು ಅಂತ ತೀರ್ಮಾನ ಮಾಡಿದ್ರಾ?” ಎಂದು ಡಾಕ್ಟರಮ್ಮ ಕುಣಿದಾಡಿದರು.

“ಒಳ್ಳೆಯವನೋ ಕೆಟ್ಟವನೋ ನಂಗೊತ್ತಿಲ್ಲಮ್ಮ,” ಅಂದರು ಇವರು. “ವಯಸ್ಸಾಗಿದೆ. ಬಾಗಿ ನಡೆದ್ರೆ ಸರಿ ಹೋಗುತ್ತೆ.”

“ವಯಸ್ಸಾ? ಏಳನೇ ಸಂಪುಟದಲ್ಲಿ ಅವನಿಗಿನ್ನೂ ಹರೆಯ ಕಣ್ರೀ!” ಎಂದು ಡ್ರೈವರು ಬಾಯಿ ಬಿಟ್ಟರು. ಇವರು ಪಿನ್ನಿನ ಡಬ್ಬಿ ಕೈಗೆತ್ತಿಕೊಂಡರು. ಬೇರೆ ಏನನ್ನೋ ಕೇಳಿದರು.

“ಆ ತಮ್ಮ ಹೊರಗೆ ಹೋದ ಮೇಲೆ, ಕೋಟೆ ಇನ್ನೂ ಇದ್ದಾಗಲೇ, ಒಂದು ಸಲನಾದ್ರೂ ವಾಪಸ್ ಬಂದು ಬಾಗಿಲು ತಟ್ಟಿದನಾ?”

ಇಬ್ಬರೂ ಮುಖಮುಖ ನೋಡಿಕೊಂಡರು. ಏಳು ಸಂಪುಟದಲ್ಲಿ ಅದು ಎಲ್ಲೂ ಇರಲಿಲ್ಲವಂತೆ, ಅವರಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲವಂತೆ. ಇವರು ತಲೆಯಾಡಿಸಿ, ಡ್ರೈವರ ಕಾಲಬುಡದಲ್ಲಿ ಕೂತು, ನೆಲಕ್ಕೆ ಬೀಳುತ್ತಿದ್ದ ಅಂಚಿಗೆ ಪಿನ್ನು ಚುಚ್ಚತೊಡಗಿದರು.