ಚುಕ್ಕೆಯೊಳಗೆ ಹಿಡಿಸದ ಅತ್ತೆ

ಹೆಸರು ಸರಿಯಾಗಿ ಬರೆದಿಟ್ಟರೆ ಪ್ರಪಂಚದ ಅರ್ಧ ಗೋಳು ಕಳೆಯುತ್ತದೆ ಎಂದು ನಂಬಿದವರು ಸುಧೀಂದ್ರ. ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಗುಮಾಸ್ತರು. ಸಂಜೆ ಮನೆಯಲ್ಲಿ ಗಿಟಾರ್ ಹೇಳಿಕೊಡುತ್ತಾರೆ. ಅವರ ಮನೆಯಲ್ಲಿ ಸಾಸಿವೆ ಡಬ್ಬಿಗೂ ಚೀಟಿಯಿದೆ, ಸ್ವಿಚ್ಚಿಗೂ ಚೀಟಿಯಿದೆ. "ನನ್ನ ಹಣೆಗೂ ಒಂದು ಅಂಟಿಸಿಬಿಡಿ, ಹೆಂಡತಿ ಅಂತ" ಎಂದು ಸಂಹಿತಾ ಕೆಣಕುವುದುಂಟು.

ಪಾಠದ ಚಿತ್ರಗಳನ್ನು ಅವರು ಕಂಪ್ಯೂಟರಿನಲ್ಲಿ ಸಂಗೀತ ಬರೆಯುವ ಸಾಫ್ಟ್‌ವೇರಿನಲ್ಲೇ ಮಾಡುತ್ತಿದ್ದರು. ಉದ್ದಗೆರೆಗಳು ತಂತಿ, ಅಡ್ಡಗೆರೆಗಳು ಗಿಟಾರಿನ ಕತ್ತಿನ ಮೇಲಿನ ಫ್ರೆಟ್ಟು ಪಟ್ಟಿಗಳು, ಬೆರಳಿಡುವ ಕಡೆ ಕಪ್ಪು ಚುಕ್ಕೆ, ಅದರೊಳಗೆ ಬೆರಳಿನ ನಂಬರು. ಎಲ್ಲ ಚೊಕ್ಕಟವಾಗಿತ್ತು, ಕೈವಾರದಿಂದ ಕದಿರಮ್ಮ ಕಲಿಯಲು ಬರುವವರೆಗೆ.

ಕದಿರಮ್ಮನ ಭಜನೆ ತಂಡದಲ್ಲಿ ಹಾರ್ಮೋನಿಯಂ ನುಡಿಸುವವರು ತಂಡ ಬಿಟ್ಟಿದ್ದರು. ಮೈದುನನ ಗಿಟಾರ್ ಅಟ್ಟದ ಮೇಲಿತ್ತು. ನುಡಿಸುತ್ತೇನೆಂದು ಈಕೆ ಹೇಳಿದಾಗ ತಂಡದ ಹಿರಿಯ ನಲ್ಲಪ್ಪ, "ಒಂದು ಶುಕ್ರವಾರ ನೋಡಣಮ್ಮ. ಭಜನೆ ಕೆಡ್ತು ಅಂದ್ರೆ ಅದು ವಾಪಸ್ ಅಟ್ಟಕ್ಕೇ" ಎಂದಿದ್ದರು.

ಮೊದಲ ಪಾಠದಲ್ಲೇ ತಂತಿ ನರಳಿತು. ಕದಿರಮ್ಮ ಒಂದು ಎಂದರೆ ಕಿರುಬೆರಳು ಇಡುತ್ತಿದ್ದರು.

"ಒಂದು ಅಂದ್ರೆ ತೋರುಬೆರಳು ಕಣಮ್ಮ."

"ಅದ್ಯಾವ ಲೆಕ್ಕ ಸಾರ್? ಎಣಿಸೋದು ಕಿರುಬೆರಳಿಂದ ಅಲ್ವಾ?"

ಸುಧೀಂದ್ರ ತಮ್ಮ ಕೈಯಲ್ಲೇ ಎಣಿಸಿ ನೋಡಿಕೊಂಡರು. ಹೆಬ್ಬೆರಳು ತಾನಾಗಿ ಕಿರುಬೆರಳಿಗೇ ಹೋಯಿತು. ನಂಬರು ಅಳಿಸಿ ಬೆರಳುಗಳ ಹೆಸರಿನ ಮೊದಲಕ್ಷರ ತೋ, ನ, ಉ, ಕಿ ಎಂದು ಟೈಪ್ ಮಾಡಿದರು. ಮೊದಲು ಬರೀ ಚೌಕಗಳು ಬಂದವು. ಫಾಂಟ್ ಬದಲಿಸಿದ ಮೇಲೆ ಕನ್ನಡ ಬಂತು. ಆದರೂ ತಂತಿ ನರಳುವುದು ನಿಲ್ಲಲಿಲ್ಲ. ಉಂಗುರದ ಬೆರಳೆಂದರೆ ಕದಿರಮ್ಮ ನಡುಬೆರಳು ಇಟ್ಟರು. ಉಂಗುರ ಇದ್ದದ್ದೇ ಅಲ್ಲಿ.

"ನೀವೇ ಹೇಳಿ, ಏನಂತ ಬರೀಲಿ?" ಎಂದರು ಸುಧೀಂದ್ರ ಸೋತು.

ಆಕೆ ತೋರುಬೆರಳು ಎತ್ತಿದರು. "ತೋರ್ಸಿ ತೋರ್ಸಿ ಕೆಲಸ ಹೇಳೋದು. ನಮ್ಮತ್ತೆ. ಉದ್ದಕ್ಕಿರೋರು ಮಾವ. ಇದು ನೋಡಿ, ತಾನಾಗಿ ಏಳೋದೇ ಇಲ್ಲ, ನಮ್ಮನೆಯವ್ರು. ಕೊನೇದು ನಾನು. ಎಲ್ಲಾರ್ಗಿಂತ ಜಾಸ್ತಿ ಚಾಚ್ಬೇಕಾದೋಳು."

ಅತ್ತೆ, ಮಾವ, ಅವರು, ನಾನು. ಮೂವರು ಚುಕ್ಕೆಗಳಲ್ಲಿ ಅಡಗಿ ಕೂತರು. ಅತ್ತೆ ಮಾತ್ರ ಎಷ್ಟು ಕುಗ್ಗಿಸಿದರೂ ಹಿಡಿಸಲಿಲ್ಲ. ಒತ್ತಕ್ಷರ ಹೊರಗೆ ಕಾಲು ಚಾಚುತ್ತಿತ್ತು. ಕೊನೆಗೆ ಅತ್ತೆಯ ಚುಕ್ಕೆಯನ್ನೇ ದೊಡ್ಡದು ಮಾಡಬೇಕಾಯಿತು. "ಅದು ಸರಿಯಾಗೈತೆ" ಎಂದರು ಕದಿರಮ್ಮ.

ಶುಕ್ರವಾರ ಕೈವಾರದಲ್ಲಿ ಸುಧೀಂದ್ರ ಹಿಂದಿನ ಸಾಲಿನಲ್ಲಿ ಕೂತರು. ಮುಂದಿನ ಸಾಲಿನಲ್ಲಿ ಕದಿರಮ್ಮನ ಅತ್ತೆ ಅಮ್ಮಾಜಮ್ಮ, ಮಂಡಿ ನೋವೆಂದು ಕಾಲು ನೀಡಿಕೊಂಡು. ಹಾಡು ನಡೆಯಿತು. ಕದಿರಮ್ಮ ಚಿತ್ರ ನೋಡುತ್ತ, ಅತ್ತೆ, ಮಾವ ಎಂದು ತುಟಿಯಲ್ಲೇ ಗುನುಗುತ್ತ, ಒಂದು ಹಿಡಿತದಿಂದ ಇನ್ನೊಂದಕ್ಕೆ ದಾಟುತ್ತಿದ್ದರು. ಕೊನೆಯ ಚರಣಕ್ಕೆ ಬಂದಾಗ ತೋರುಬೆರಳು ತಂತಿಗೆ ಅಂಟಿಕೊಂಡಿತು. ನಲ್ಲಪ್ಪ ತಾಳ ಹಿಡಿದೇ ತಲೆ ಎತ್ತಿದರು. ಕದಿರಮ್ಮ ಬೆರಳಿಗೇ ಗದರಿದರು.

"ಏಳಿ ಅತ್ತೆ, ಏಳಿ!"

ಎದುರಿಗೆ ಮೈಕಿತ್ತು.

ಅಮ್ಮಾಜಮ್ಮ ಎದ್ದೇಬಿಟ್ಟರು. ಹಿರಿಯಾಕೆ ಎದ್ದರೆ ಕೂತಿರುವುದು ಹೇಗೆ? ಸಾಲು ಸಾಲೇ ಎದ್ದಿತು, ಚಪ್ಪಾಳೆ ಸೇರಿತು, ನಲ್ಲಪ್ಪನ ತಾಳ ಓಡತೊಡಗಿತು. ಬಿಡಿಸಿಕೊಂಡ ಬೆರಳು ಅದರ ಹಿಂದೆಯೇ ಓಡಿತು. ಭಜನೆ ಅಷ್ಟು ಜೋರಾಗಿ ಮುಗಿದದ್ದನ್ನು ಅಲ್ಲಿದ್ದವರು ಕಂಡಿರಲಿಲ್ಲ.

"ಜನಾನೇ ಎಬ್ಬಿಸ್ಬಿಟ್ಟೆ ಕಣಮ್ಮ! ಬರೋ ವಾರಾನೂ ತಗೊಂಡು ಬಾ" ಎಂದರು ನಲ್ಲಪ್ಪ. "ಮೈಕು ಮಾತ್ರ ಆ ಕಡೆ ಇಡಣ."

ಕದಿರಮ್ಮ ಗಿಟಾರನ್ನು ಎದೆಗೆ ಅವುಚಿಕೊಂಡರು. ಅಮ್ಮಾಜಮ್ಮ ಮಂಡಿ ನೀವಿಕೊಳ್ಳುತ್ತ ಸೊಸೆಯ ಮುಂದಿದ್ದ ಹಾಳೆಯನ್ನು ಕೈಗೆತ್ತಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ನಿಧಾನವಾಗಿ ಅಕ್ಷರ ಕೂಡಿಸಿದರು.

"ಇದೇನೇ, ನಮ್ಮನೆಯೋರನ್ನೆಲ್ಲ ಇಲ್ಲಿ ಕೂಡಿಹಾಕಿದೀಯ? ಯಾರ್ ಬರ್ಕೊಟ್ಟಿದ್ದು ಇದನ್ನ?"

ಕದಿರಮ್ಮ ಹಿಂದಿನ ಸಾಲಿನ ಕಡೆ ನೋಡಿದರು. ಸುಧೀಂದ್ರ ಆಗಲೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದರು.