ಕಲಾಯಿ ಹಳದಿಯಾದ ಸೋಮವಾರ

1998ರಲ್ಲಿ ನಾನು ಕೊಟ್ಟೂರಿನ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಒಬ್ಬರೇ ಡಾಕ್ಟರು, ಒಂದು ಹಸಿರು ಪರದೆ, ಪರದೆಯ ಈಚೆ ನನ್ನ ಔಷಧದ ಕೌಂಟರ್. ಬರುವವರಲ್ಲಿ ಹೆಚ್ಚಿನವರು ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದ ವಯಸ್ಸಾದವರು. ಅವರ ಕೈಗೆ ಗುಳಿಗೆ ಕೊಡಬಹುದಿತ್ತು, ಅದು ಹೊಟ್ಟೆಗೆ ಹೋಯಿತೋ ಇಲ್ಲವೋ ದೇವರೇ ಬಲ್ಲ. ಗುಡೇಕೋಟೆಯಿಂದ ಬರುತ್ತಿದ್ದ ಕುರಿ ಕಾಯುವ ಅಜ್ಜನೊಬ್ಬ, "ಈಗ ಆರಾಮ ಐತ್ರಿ, ಬ್ಯಾನಿ ಬಂದಾಗ ನುಂಗಿದ್ರಾತು" ಎಂದು ಬಿ.ಪಿ. ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದ.

ಇಂಥವರಿಗಾಗಿ ನಾನು ಒಂದು ಕಟ್ಟುನಿಟ್ಟಿನ ನಿಯಮ ಮಾಡಿದ್ದೆ. ನಾಲ್ಕು ವಾರಕ್ಕೊಮ್ಮೆ ಹೊಸ ಗುಳಿಗೆ ಬೇಕಾದರೆ ಹಳೆಯ ಸ್ಟ್ರಿಪ್ ತಂದು ಕೌಂಟರ್ ಮೇಲಿಡಬೇಕು. ನಾನು ಎಣಿಸುತ್ತೇನೆ. ಉಳಿದಿದ್ದರೆ ಎಲ್ಲರೆದುರೇ ಬೈಗುಳ. ನನ್ನ ಬಾಯಿ ಆಗ ಸ್ವಲ್ಪ ಜೋರೇ ಇತ್ತು, ನನ್ನ ಎಣಿಕೆಯ ಮೇಲೆ ನನಗೆ ಭಾರಿ ಹೆಮ್ಮೆಯೂ ಇತ್ತು.

ಈ ಎಣಿಕೆಯಲ್ಲಿ ಒಮ್ಮೆಯೂ ತಪ್ಪದವರು ಹುಸೇನ್ ಸಾಬರು. ಅರವತ್ತೆಂಟು ವಯಸ್ಸು, ಕಡ್ಡಿಯಂಥ ದೇಹ. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಲೇಪಿಸುವ ಕಲಾಯಿ ಕೆಲಸ ಅವರದು. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹಳ್ಳಿಗಳಿಗೂ ಬೆಂಕಿ ಊದುವ ತಿದಿ, ಇದ್ದಿಲು ಹೊತ್ತು ಹೋಗುತ್ತಿದ್ದರು. ಅವರಿಗೆ ಎದೆಬಡಿತದ ತಾಳ ತಪ್ಪುವ ಕಾಯಿಲೆ. ಅದಕ್ಕೆ ಡಾಕ್ಟರು ಡಿಗಾಕ್ಸಿನ್ ಬರೆದಿದ್ದರು. ಈ ಔಷಧ ಹೃದಯವನ್ನು ಹದಕ್ಕೆ ತರುತ್ತದೆ, ಸ್ವಲ್ಪ ಹೆಚ್ಚಾದರೂ ಅದೇ ಹೃದಯವನ್ನು ನಿಲ್ಲಿಸಬಲ್ಲದು. ಅದಕ್ಕೇ ವಾರಕ್ಕೆ ಐದು ದಿನ ದಿನಕ್ಕೊಂದು, ಶನಿವಾರ ಭಾನುವಾರ ರಜೆ. ನಾಲ್ಕು ವಾರಕ್ಕೆ ಇಪ್ಪತ್ತು ಗುಳಿಗೆ. ಸಾಬರು ಪ್ರತಿ ಸಲವೂ ಎರಡು ಖಾಲಿ ಸ್ಟ್ರಿಪ್‌ಗಳನ್ನು ಇಸ್ತ್ರಿ ಮಾಡಿದ ಹಾಗೆ ಸಪಾಟಾಗಿಸಿ ತರುತ್ತಿದ್ದರು. ನಾನು ಅವನ್ನು ಎತ್ತಿ ಹಿಡಿದು, "ಸಾಬ್ರನ್ನ ನೋಡಿ ಕಲೀರಿ" ಎಂದು ಉಳಿದವರಿಗೆ ಚುಚ್ಚುತ್ತಿದ್ದೆ. ಅವರು ನಾಚಿಕೊಂಡು ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದರು.

ಆ ವರ್ಷ ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ ಅವರು ಹೆಂಡತಿ ಮಾಬುಬಿಯ ಜೊತೆ ಬಂದರು. ಎರಡು ಸ್ಟ್ರಿಪ್ ಇಟ್ಟರು, ಎರಡೂ ಖಾಲಿ. ನಾನು ಹೊಸದು ತೆಗೆಯುವಷ್ಟರಲ್ಲಿ ಚೀಲದಿಂದ ಆಗತಾನೇ ಕಲಾಯಿ ಮಾಡಿದ ಒಂದು ತಂಬಿಗೆ ತೆಗೆದು ನನ್ನ ಮುಂದೆ ವಾಲಿಸಿದರು.

"ಅಕ್ಕೋರ, ಒಳಗ ಯಾವ ಬಣ್ಣ ಐತಿ ನೋಡ್ರಿ."

"ಬೆಳ್ಳಗ ಐತಿ. ಮತ್ತೇನಿರ್ತೈತಿ?"

"ನನಗ ಹಳದಿ ಕಾಣ್ತೈತ್ರಿ. ಮೂರು ಸಲ ತಿಕ್ಕಿ ಮತ್ತ ಹಾಕೀನಿ. ನಲವತ್ತು ವರ್ಷದಾಗ ನನ್ನ ಕೈಯಾಗ ತವರ ಹಿಂಗ ಬಂದಿಲ್ಲ."

"ಕಣ್ಣಿಗೆ ಪೊರಿ ಬಂದೈತಿ ಸಾಬ್ರ. ಕಣ್ಣಿನ ಡಾಕ್ಟರಿಗೆ ತೋರ್ಸ್ರಿ."

"ಪೊರಿ ಬಂದ್ರ ಮಬ್ಬಾಗ್ತೈತಿ. ಇದು ಮಬ್ಬಲ್ಲ, ಹಳದಿ" ಎಂದರು, ತಾಳ್ಮೆಯಿಂದಲೇ.

ಮಾಬುಬಿ ತನ್ನ ದೂರು ತೆಗೆದಳು. "ನಿನ್ನೆಯಿಂದ ಊಟ ಒಲ್ಲೆ ಅಂತಾರ್ರಿ, ಓಕರಿಕಿ. ಮಸರನ್ನ ಕೊಟ್ರ ಅರಿಶಿಣ ಯಾಕ ಹಾಕೀದಿ ಅಂತ ನನಗ ಬೈತಾರ."

ನನಗೆ ನಗು ಬಂತು. ಪರದೆಯ ಆಚೆ ಕುರ್ಚಿ ಸರಿದ ಸದ್ದಾಯಿತು. ಡಾಕ್ಟರು ಹೊರಗೆ ಬಂದವರೇ ಸಾಬರ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ನಾಡಿ ನಿಮಿಷಕ್ಕೆ ನಲವತ್ತೆರಡು.

"ಗಿರಿಜಮ್ಮ, ಇವರು ಡಿಗಾಕ್ಸಿನ್ ಹೆಚ್ಚು ತಗೊಂಡಾರ" ಎಂದರು. ಆ ಔಷಧ ಮೈಯಲ್ಲಿ ವಿಷದ ಮಟ್ಟಕ್ಕೆ ಏರಿದಾಗ ಕೆಲವರಿಗೆ ಲೋಕವೆಲ್ಲ ಹಳದಿ ಕಾಣುತ್ತದೆ ಎಂದು ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ವಾದಕ್ಕೆ ನಿಂತೆ. ಇಪ್ಪತ್ತು ಕೊಟ್ಟಿದ್ದೇನೆ, ಇಪ್ಪತ್ತು ಖಾಲಿಯಾಗಿವೆ, ನಾಲ್ಕು ವಾರ ಸರಿಯಾಗಿ ಮುಗಿದಿದೆ, ಹೆಚ್ಚು ಎಲ್ಲಿಂದ ಬರಬೇಕು ಎಂದು ಸ್ಟ್ರಿಪ್ ಎತ್ತಿ ತೋರಿಸಿದೆ.

ಆಗ ಮಾಬುಬಿ, "ನಡುವ ಹತ್ತು ದಿನ ಹಿರೇಹಡಗಲಿಗೆ ಹೋಗಿದ್ರಲ್ರಿ, ಮದುವಿ ಹಂಡೆಗಳಿಗೆ ಕಲಾಯಿ ಹಾಕಾಕ. ಗುಳಿಗಿ ಮನ್ಯಾಗ ಬಿಟ್ಟು ಹೋಗಿದ್ರು" ಎಂದಳು.

ಎತ್ತಿ ಹಿಡಿದ ಸ್ಟ್ರಿಪ್ ಕೆಳಗಿಟ್ಟೆ. ಹತ್ತು ದಿನ ನುಂಗದಿದ್ದರೆ ಸ್ಟ್ರಿಪ್ ಖಾಲಿಯಾದದ್ದು ಹೇಗೆ? ಸಾಬರು ಯಾವ ಅಳುಕೂ ಇಲ್ಲದೆ ವಿವರ ಒಪ್ಪಿಸಿದರು.

"ಶನಿವಾರ ಐತಾರ ಬಿಟ್ರ ತಪ್ಪಿದ್ದು ಎಂಟು ಗುಳಿಗಿ ಆತ್ರಿ. ತಿರುಗಿ ಬಂದು ಗುರುವಾರ ಶುಕ್ರವಾರ ಆ ದಿನದ್ದೂ ಸೇರಿಸಿ ಮೂರ್ಮೂರು ತಗೊಂಡೆ. ಶನಿವಾರ ಐತಾರ ಎರಡೆರಡು. ನಿಮ್ಮ ಎಣಿಕಿ ದಿನ ಬರೋದ್ರೊಳಗ ಪೂರಾ ಆತು."

"ಹಂಗ ತಗೋರಿ ಅಂತ ಯಾರು ಹೇಳಿದ್ರು?"

"ಯಾರು ಹೇಳಬೇಕ್ರಿ? ನಮಾಜ್ ತಪ್ಪಿದ್ರ ಆಮ್ಯಾಲೆ ಕಜಾ ಮಾಡಿ ತುಂಬಸ್ತೀವಿ. ರೋಜಾ ಉಪವಾಸ ತಪ್ಪಿದ್ರನೂ ಹಂಗ. ನಾಕು ಮಂದಿ ಮುಂದ ನೀವು ನನ್ನ ಹೆಸರು ಹೇಳ್ತೀರಿ. ಗುಳಿಗಿ ಉಳಿಸ್ಕೊಂಡು ಹೆಂಗ ಬರ್ಲಿ?"

ಮರೆತರೆ ಬಿಟ್ಟುಬಿಡಿ, ಸೇರಿಸಿ ನುಂಗಬೇಡಿ ಎಂಬ ಒಂದು ಮಾತನ್ನು ನಾನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ. ಎಂದೂ ತಪ್ಪದ ಮನುಷ್ಯನಿಗೆ ಯಾಕೆ ಹೇಳಬೇಕು ಎಂದುಕೊಂಡಿದ್ದೆ.

ಡಾಕ್ಟರು ಒಂದು ಜೀಪು ಹೊಂದಿಸಿ ದಾವಣಗೆರೆಗೆ ಕಳಿಸಿದರು. ಜೊತೆಗೆ ನಾನೂ ಹೊರಟೆ. ದಾರಿಯುದ್ದಕ್ಕೂ ಅವರ ನಾಡಿಯ ಮೇಲಿನ ಬೆರಳು ತೆಗೆಯಲಿಲ್ಲ. ಹರಪನಹಳ್ಳಿ ದಾಟುವಾಗ ನಲವತ್ತು. ತೆಲಿಗಿಯ ಹತ್ತಿರ ಒಂದು ಬಡಿತ ತಪ್ಪಿತು, ಮುಂದಿನದು ಬರುವವರೆಗೆ ನಾನೂ ಉಸಿರಾಡಲಿಲ್ಲ. ಅವರು ಮಾತ್ರ ಹೊರಗಿನ ಹೊಲಗಳನ್ನೇ ನೋಡುತ್ತಿದ್ದರು. "ಖರೇ ಹಳದಿ ಯಾವುದು, ನನ್ನ ಕಣ್ಣಿನ ಹಳದಿ ಯಾವುದು, ತಿಳೀವಲ್ದು ಅಕ್ಕೋರ" ಎಂದರು. ಸಾಯುವ ಹೆದರಿಕೆಗಿಂತ ಬಣ್ಣ ತಪ್ಪಿದ ಕಸಿವಿಸಿಯೇ ಅವರಿಗೆ ಹೆಚ್ಚಾಗಿತ್ತು.

ಇ.ಸಿ.ಜಿ. ನೋಡಿದ ಅಲ್ಲಿನ ಡಾಕ್ಟರು, ಇನ್ನೊಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು. ಬಣ್ಣದ ವಿಷಯ ಯಾರು ಕಂಡುಹಿಡಿದದ್ದು ಎಂದು ಕೇಳಿದರು. ನಾನು ಮಂಚದ ಮೇಲಿದ್ದ ಸಾಬರನ್ನು ತೋರಿಸಿದೆ. ನಮ್ಮ ನಿಮ್ಮಂಥವರು ಆ ತಂಬಿಗೆ ನೋಡಿ ತವರ ಕಳಪೆ ಎಂದು ಬಿಟ್ಟುಬಿಡುತ್ತಿದ್ದೆವು. ಅವರು ಮೂರು ಸಲ ಅಳಿಸಿ ಮತ್ತೆ ಹಾಕಿ, ತಪ್ಪು ತವರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಬಂದಿದ್ದರು. ಅಂಥ ಕಣ್ಣಿನೆದುರು ನನ್ನ ಡಿಪ್ಲೊಮಾ ಎಷ್ಟರದು ಅನ್ನಿಸಿತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಆರನೆಯ ದಿನ ಅವರಿಗೆ ಆಸ್ಪತ್ರೆಯ ಚಾದರ ಬೆಳ್ಳಗೆ ಕಂಡಿತಂತೆ. ಮನೆಗೆ ಬಂದ ಮೇಲೆ ನಮ್ಮ ಡಾಕ್ಟರು ಗುಳಿಗೆಯನ್ನು ಅರ್ಧಕ್ಕಿಳಿಸಿದರು. ಸಾಬರು ತಾವಾಗಿಯೇ ಇನ್ನೊಂದು ಏರ್ಪಾಟು ಮಾಡಿಕೊಂಡರು. ಹೊಸದಾಗಿ ಕಲಾಯಿ ಮಾಡಿದ ಒಂದು ತಾಟನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ದಿನಾ ಬೆಳಿಗ್ಗೆ ಅದನ್ನು ನೋಡಿಯೇ ಗುಳಿಗೆಗೆ ಕೈ ಹಾಕುತ್ತಿದ್ದರು. ಡಾಕ್ಟರು ಅದನ್ನು ಕೇಳಿ ಎದ್ದು ನಿಂತು ಅವರ ಕೈ ಹಿಡಿದುಕೊಂಡರು.

ಕೆಲವು ತಿಂಗಳ ನಂತರ ಒಂದು ಎಣಿಕೆಯ ದಿನ ಸಾಬರು ಕೌಂಟರ್ ಮುಂದೆ ಬಂದು ಸ್ಟ್ರಿಪ್ ಇಡಲು ಹಿಂದೆಮುಂದೆ ನೋಡಿದರು. ಆಮೇಲೆ ಮೆಲ್ಲಗೆ, "ಮೂರು ಸಲದ್ದು ಉಳದೈತ್ರಿ. ಕಜಾ ಮಾಡಿಲ್ಲ" ಎಂದರು. ಸುತ್ತ ಏಳೆಂಟು ಜನ ಇದ್ದರು. ನಾನು ಆ ಸ್ಟ್ರಿಪ್ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಸಾಬ್ರನ್ನ ನೋಡಿ ಕಲೀರಿ. ಮರೆತದ್ದನ್ನ ಹಂಗ ತಂದಾರ" ಎಂದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡರು.

ಅಂದಿನಿಂದ ಎಣಿಸುವ ಮೊದಲು ಪ್ರತಿಯೊಬ್ಬರನ್ನೂ, "ಮರೆತ ದಿನ ಏನು ಮಾಡ್ತೀರಿ?" ಎಂದು ಕೇಳತೊಡಗಿದೆ, ಬೈಯುವುದನ್ನು ಬಿಟ್ಟೆ. ಎಷ್ಟು ಜನ ಎರಡೆರಡು ನುಂಗುತ್ತಿದ್ದರು, ಎಷ್ಟು ಜನ ನನ್ನ ಬಾಯಿಗೆ ಹೆದರಿ ಉಳಿದ ಗುಳಿಗೆಯನ್ನು ಬಚ್ಚಲಿಗೆ ಹಾಕಿ ಖಾಲಿ ಸ್ಟ್ರಿಪ್ ತರುತ್ತಿದ್ದರು ಎಂಬುದು ಆಮೇಲೆ ಒಂದೊಂದಾಗಿ ಹೊರಬಂತು.

ಈಗ ನನಗೂ ಅರವತ್ತೆಂಟು. ಬಿ.ಪಿ. ಗುಳಿಗೆ ದಿನಕ್ಕೊಂದು. ಮೊನ್ನೆ ಮಂಗಳವಾರದ್ದು ಮರೆತೆ. ಬುಧವಾರ ಬೆಳಿಗ್ಗೆ ಸ್ಟ್ರಿಪ್ ಕೈಗೆತ್ತಿಕೊಂಡಾಗ, ಎಲ್ಲ ಬಲ್ಲ ನನ್ನ ಬೆರಳೇ ಎರಡನೆಯ ಗುಳಿಗೆಯ ಮೇಲೆ ಹೋಗಿ ನಿಂತಿತು. ಒಂದನ್ನೇ ನುಂಗಿದೆ. ಮಂಗಳವಾರದ್ದು ಸ್ಟ್ರಿಪ್ಪಿನಲ್ಲಿ ಹಾಗೇ ಇದೆ. ದಿನವೂ ಅದನ್ನು ನೋಡುತ್ತೇನೆ, ಹುಸೇನ್ ಸಾಬರು ಆ ಮೂರನ್ನು ಉಳಿಸಿ ತಂದದ್ದು ಎಷ್ಟು ಕಷ್ಟದ ಕೆಲಸವಾಗಿತ್ತೆಂದು ಗೊತ್ತಾಗುತ್ತದೆ.