ಮೇಲ್ಮನೆ ಆಂಟಿಯ ಪ್ರಸ್ಥಾನ

ಮಗಳು ಹೊಸ ಶೂ ಡಬ್ಬ ತೆಗೆದಾಗ ರಬ್ಬರಿನ ವಾಸನೆ ಹಾಲ್ ತುಂಬಾ ಹರಡಿತು. ಒಳಗಿದ್ದ ತೆಳು ಕಾಗದವನ್ನು ಅವಳು ಹರಿದು ಅತ್ತ ಎಸೆದಳು. ನಾನು ಎತ್ತಿಕೊಂಡು, ಅಭ್ಯಾಸದಂತೆ ನಾಲ್ಕು ಮಡಿಕೆ ಮಾಡುತ್ತ ನಿಂತೆ... ನಮ್ಮ ಕಾನ್ವೆಂಟಿನಲ್ಲಿ ಪಿ.ಟಿ. ದಿನ ಬಿಳಿ ಶೂ ಹಾಕಿಕೊಂಡು ಸಾಲಾಗಿ ನಿಲ್ಲುವಾಗಲೂ ಇದೇ ವಾಸನೆ ಇರುತ್ತಿತ್ತು. ಆದರೆ ಈ ಸಲ ನೆನಪಾದದ್ದು ಶಾಲೆಯಲ್ಲ, ಮೇಲ್ಮನೆ ಆಂಟಿ. ವಾಯಿಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಮೆಟ್ಟಿಲಿಳಿದು ಬಂದು, "ನಿಜ ಹೇಳು, ಆಸ್ಪತ್ರೆ ಆಯಾ ಥರ ಕಾಣ್ತೀನಾ?" ಎಂದು ಕೇಳಿದ್ದರು.

ಮೈಸೂರು ರಸ್ತೆ ಕಡೆಗೆ ಮೆಟ್ರೊ ಓಡಲು ಶುರುವಾದ ಹೊಸತು ಅದು. ಬಸವೇಶ್ವರನಗರದ ಈ ಮನೆಯ ಕೆಳಗಡೆ ನಾವು ಬಾಡಿಗೆಗಿದ್ದೆವು; ಮಗಳು ಆಗಿನ್ನೂ ತೀರಾ ಚಿಕ್ಕವಳು. ಮೇಲೆ ಮನೆಯ ಒಡೆಯರು: ಆಂಟಿ, ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅಂಕಲ್, ಅಂಕಲ್‌ನ ತಾಯಿ. ಆ ತಾಯಿಯನ್ನು ನಾವೆಲ್ಲ ಅಜ್ಜಿ ಎನ್ನುತ್ತಿದ್ದೆವು. ಆಂಟಿಗೆ ಮಕ್ಕಳಿರಲಿಲ್ಲ. ಅವರು ಲಗ್ಗೆರೆಯ ಹಳೇ ಒಕ್ಕಲು ಮನೆಯವರು; ಅಲ್ಲಿ ರಾಗಿ ಹೊಲ ಇದ್ದ ಕಾಲದಲ್ಲಿ ಹುಟ್ಟಿ, ಮದುವೆಯಾಗಿ ಇಷ್ಟು ಹತ್ತಿರಕ್ಕೆ ಬಂದವರು. "ದಿಬ್ಬಣದ ವ್ಯಾನು ಎರಡನೇ ಗೇರಿಗೆ ಬೀಳೋ ಹೊತ್ಗೆ ಗಂಡನ ಮನೆ ಬಂದ್ಬಿಟ್ಟಿತ್ತು ಕಣೆ. ಅಳೋಕೂ ಟೈಮ್ ಸಿಗ್ಲಿಲ್ಲ," ಎಂದು ಹೇಳಿಕೊಂಡು ನಗುತ್ತಿದ್ದರು. ಸಮುದ್ರವನ್ನು ಅವರು ನೋಡಿರಲಿಲ್ಲ.

ಒಂದು ಮಧ್ಯಾಹ್ನ ಅವರು ಹುರಿದ ಕಡಲೆಕಾಯಿ ಕೊಡಲು ಕೆಳಗೆ ಬಂದಾಗ ನಾನು ಫೋನ್ ನೋಡುತ್ತ ಕೂತಿದ್ದೆ. ಕಾನ್ವೆಂಟಿನ ಗೆಳತಿಯೊಬ್ಬಳು ಫೋಟೊ ಕಳಿಸಿದ್ದಳು. ನಾಲ್ಕೈದು ಹೆಂಗಸರು ಬೆನ್ನಿಗೆ ಚೀಲ ಹಾಕಿಕೊಂಡು, ಒಂದು ಪಕ್ಕ ಬಂಡೆ, ಒಂದು ಪಕ್ಕ ಕಡಲು, ನಡುವೆ ಮರಳಿನ ಮೇಲೆ ನಡೆಯುತ್ತಿದ್ದರು. ಆಂಟಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಕನ್ನಡಕದ ಹತ್ತಿರ ಹಿಡಿದರು.

"ಇವ್ರೆಲ್ಲ ಎಲ್ಲಿಗೆ ಹೋಗ್ತಾ ಇದಾರೆ?"

"ಎಲ್ಲಿಗೂ ಇಲ್ಲ ಆಂಟಿ. ಸುಮ್ನೆ ನಡೀತಾರೆ."

"ಸುಮ್ನೇನಾ?"

ಅವರು ಬಹಳ ಹೊತ್ತು ಫೋಟೊ ನೋಡಿದರು. ಆಮೇಲೆ, ಕಡಲೆಕಾಯಿ ಸಿಪ್ಪೆಯನ್ನು ಸೆರಗಿನಿಂದ ಕೊಡವುತ್ತ, "ನೀರಿಗೆ ನಡೆದಿದೀನಿ, ಸೀಮೆಎಣ್ಣೆಗೆ ನಡೆದಿದೀನಿ, ಆಸ್ಪತ್ರೆಗೆ ಬುತ್ತಿ ಹೊತ್ಕೊಂಡು ನಡೆದಿದೀನಿ. ದೇವ್ರ ಹತ್ರ ಹೋಗ್ಬೇಕಾದ್ರೂ ಯಾರ್ದೋ ಹರಕೆ. ಒಂದಿನಾನೂ ಸುಮ್ನೆ ನಡೆದಿಲ್ಲ ನೋಡು," ಎಂದರು. ದೂರಿನ ದನಿಯಲ್ಲ ಅದು. ಈಗಷ್ಟೇ ಲೆಕ್ಕ ಹಾಕಿ ನೋಡಿ, ತಮಗೇ ಆಶ್ಚರ್ಯವಾದವರ ದನಿ.

ಹಾಗೆ ಶುರುವಾಯಿತು. ನಾವಿಬ್ಬರೇ ಹೋಗುವುದೆಂದಾಯಿತು. ಗೆಳತಿ ಕಳಿಸಿದ ಇಂಗ್ಲಿಷ್ ಬರಹಗಳನ್ನು ನಾನು ಬ್ರೌಸಿಂಗ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿ ತಂದೆ. ಊಟದ ಮೇಜಿನ ಮೇಲೆ ಹರಡಿ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಿದ್ದೆ. ಮೊದಲು ಯಾಣದ ಕಡೆಯ ಕಾಡುದಾರಿ. ಆಮೇಲೆ ಕುಮಟಾದ ಹತ್ತಿರ ಕಡಲಿಗಿಳಿದು, ತೀರ ಹಿಡಿದು ಉತ್ತರಕ್ಕೆ ನಡೆದು, ಅಘನಾಶಿನಿ ಹೊಳೆಯನ್ನು ದೋಣಿಯಲ್ಲಿ ದಾಟಿ ಗೋಕರ್ಣ. ಅಂಕಲ್‌ಗೆ ವಿಷಯ ತಿಳಿದಾಗ ಅವರು ಕೇಳಿದ್ದು ಒಂದೇ ಮಾತು.

"ಯಾಕೆ, ಬಸ್ಸಿಲ್ವಾ ಆ ಊರಿಗೆ?"

"ಇದೆ," ಎಂದರು ಆಂಟಿ.

"ಮತ್ತೆ?"

"ನೀವು ಪೇಪರ್ ಓದಿ."

ಕಾಲು ಪಳಗಲೆಂದು ಬೆಳಿಗ್ಗೆ ಹೊತ್ತು ನಡೆಯತೊಡಗಿದೆವು. ಒಂದು ದಿನ ಮಲ್ಲತ್ತಹಳ್ಳಿ ಕೆರೆಯವರೆಗೆ, ಇನ್ನೊಂದು ದಿನ ನಾಯಂಡಹಳ್ಳಿಯವರೆಗೆ. ಶೂ ಹಾಕಿದ ಆಂಟಿಯನ್ನು ಕಂಡವರೆಲ್ಲ ನಿಲ್ಲಿಸಿ ಕೇಳುವವರೇ. ಹಾಲಿನ ಬೂತಿನವರು, "ಎಲ್ಲಿಗೆ ಆಂಟಿ, ಇಷ್ಟು ಬೇಗ?" ಎನ್ನುತ್ತಿದ್ದರು. ಒಬ್ಬ ಆಟೊದವನಂತೂ ವಿಜಯನಗರದಿಂದ ನಮ್ಮ ಹಿಂದೆಯೇ ಮೆಲ್ಲಗೆ ಬಂದು, "ಬಸ್ ತಪ್ಪೋಯ್ತಾ ಅಮ್ಮ? ಮೀಟರ್ ಮೇಲೆ ಏನೂ ಬೇಡ, ಕೂತ್ಕೊಳಿ," ಎಂದ. "ಸುಮ್ನೆ ನಡೀತಾ ಇದೀವಿ ಕಣಪ್ಪ," ಎಂದರೆ ನಂಬಲಿಲ್ಲ. ಮನೆಯಲ್ಲಿ ಜಗಳವೇನೋ ಎಂಬ ಹಾಗೆ ನನ್ನ ಮುಖ ನೋಡಿದ.

ಮಾರನೇ ದಿನ ಆಂಟಿ ಹೊರಟ ಕೂಡಲೇ ತಳ್ಳುಗಾಡಿಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತೆಗೆದುಕೊಂಡರು. ಅದನ್ನು ಕೈಯಲ್ಲಿ ಹಿಡಿದೇ ಅಷ್ಟು ದೂರ ನಡೆದರು. ಯಾರೂ ನಿಲ್ಲಿಸಲಿಲ್ಲ, ಕೇಳಲಿಲ್ಲ.

"ನೋಡಿದ್ಯಾ? ಖಾಲಿ ಕೈಲಿ ನಡೆದ್ರೆ ಹೆಂಗಸಿಗೆ ಏನೋ ಆಗಿದೆ ಅಂತಾರೆ. ಸೊಪ್ಪು ಹಿಡ್ಕೊಂಡ್ರೆ ಎಲ್ಲಿಗ್ ಬೇಕಾದ್ರೂ ಹೋಗ್ಬೋದು."

ಆ ತಿಂಗಳೆಲ್ಲ ನಮ್ಮೆರಡೂ ಮನೆಗಳಲ್ಲಿ ಕೊತ್ತಂಬರಿ ಚಟ್ನಿ. ಅಂಕಲ್ ಬೇಸತ್ತು, "ಇದೊಂದು ಟ್ರಿಪ್ ಮುಗೀಲಪ್ಪ," ಎನ್ನುತ್ತಿದ್ದರು.

ದಿನ ಗೊತ್ತುಮಾಡಿದ್ದು ಆಂಟಿಯೇ. ಹುಣ್ಣಿಮೆ. ಒಳ್ಳೆಯ ದಿನ, ಸಂಜೆ ಬೆಳಕೂ ಇರುತ್ತದೆ ಎಂದು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಮ್ಮಿಬ್ಬರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕುಮಟಾದ ಹತ್ತಿರ ಉಳಿದುಕೊಳ್ಳಲು ನೋಡಿಟ್ಟಿದ್ದ ಮನೆಯ ಯಜಮಾನಿಗೆ ನಾನು ಫೋನ್ ಮಾಡಿದಾಗ, ಆ ಕಡೆಯಿಂದ ಮೊದಲು ನಗು ಕೇಳಿಸಿತು.

"ಹುಣ್ಣಿಮೆಗೆ ಬರಬೇಡಿ ಅಕ್ಕಾ. ಭರತದ ನೀರು ಹಗಲು ಹೊತ್ತಲ್ಲೇ ಬಂಡೆ ತನಕ ಏರ್ತದೆ, ಕಾಲಿಡ್ಲಿಕ್ಕೆ ಮರಳು ಇರೂದಿಲ್ಲ. ಅಷ್ಟಮಿ, ನವಮಿ, ದಶಮಿ ನೋಡ್ಕೊಂಡು ಬನ್ನಿ. ಆಗ ಸಮುದ್ರಕ್ಕೆ ಅಷ್ಟು ಜೋರಿಲ್ಲ."

ಆಂಟಿ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತುಬಿಟ್ಟರು. ಅಷ್ಟಮಿಗೆ ಹೊರಟರೆ ನವಮಿಗೆ ಕಾಡು, ದಶಮಿಗೆ ಕಡಲು, ಸರಿಹೋಗುತ್ತಿತ್ತು. ಆದರೆ ಅಷ್ಟಮಿ, ನವಮಿ ದಿನ ಆ ಮನೆಯಲ್ಲಿ ಯಾರೂ ಪ್ರಯಾಣ ಹೊರಟವರಲ್ಲ. ಅಂಕಲ್ ಕೆಲಸಕ್ಕೆ ಸೇರುವ ದಿನ ನವಮಿಯೆಂದು ಒಂದು ದಿನ ತಡವಾಗಿ ಹೋಗಿ ಬೈಸಿಕೊಂಡಿದ್ದರಂತೆ. ಆ ನೇಮ ಅಜ್ಜಿಯದು. ಕಡಲಿಗೆ ಒಳ್ಳೆಯ ದಿನ ಅಜ್ಜಿಗೆ ಕೆಟ್ಟ ದಿನ.

"ಆಗಲ್ಲ ಬಿಡೆ," ಎಂದರು ಆಂಟಿ. "ಈ ವಯಸ್ಸಲ್ಲಿ ಅವ್ರ ಮನಸ್ಸು ನೋಯ್ಸಿ ನಾನೆಲ್ಲಿಗೆ ಹೋಗ್ಲಿ?" ಶೂಗಳನ್ನು ಒರೆಸಿ ಡಬ್ಬಕ್ಕೆ ಹಾಕಿದರು. ಡಬ್ಬದ ಮುಚ್ಚಳ ಸರಿಯಾಗಿ ಕೂರಲಿಲ್ಲ. ಅದನ್ನು ಎರಡು ಮೂರು ಸಲ ಒತ್ತಿದರು...

ಆದರೆ ಅಜ್ಜಿಯ ಕಿವಿ ಚುರುಕಾಗಿತ್ತು. ಎರಡು ದಿನ ಕಳೆದು, ನಾನು ಮೇಲೆ ಹೋಗಿದ್ದಾಗ, ಹೂಬತ್ತಿ ಹೊಸೆಯುತ್ತ ಕೂತಿದ್ದ ಅಜ್ಜಿ ಸೊಸೆಯನ್ನು ಕರೆದರು.

"ಏನಮ್ಮಿ, ಯಾಕೆ ಮುಖ ಊದಿಸ್ಕೊಂಡಿದೀಯ?"

"ಏನಿಲ್ಲ ಅತ್ತೆ."

"ಪಂಚಮಿ ಚೆನ್ನಾಗಿದೆ. ಅವತ್ತೇ ಪ್ರಸ್ಥಾನ ಇಟ್ಬಿಡು. ಆಮೇಲೆ ಅಷ್ಟಮಿಯಾದ್ರೂ ಹೋಗು, ಅಮಾವಾಸ್ಯೆಯಾದ್ರೂ ಹೋಗು. ನನ್ನ ಕೇಳ್ಬೇಡ."

ನನಗೆ ಅರ್ಥವಾಗಲಿಲ್ಲ. ಆಂಟಿ ಬಿಡಿಸಿ ಹೇಳಿದರು. ಹೊರಡಬೇಕಾದ ದಿನ ಸರಿಯಿಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ನೋಡಿ, ಪ್ರಯಾಣದ ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಚೀಲ ಹೊಸ್ತಿಲು ದಾಟಿತೆಂದರೆ ಹೊರಟಂತೆಯೇ ಲೆಕ್ಕ. ಹಾಗೆ ಇಟ್ಟ ಚೀಲವನ್ನು ಪ್ರಯಾಣ ಮುಗಿಯುವವರೆಗೆ ಮನೆಯೊಳಕ್ಕೆ ತರಬಾರದು. ಅಷ್ಟು ವರ್ಷ ಸೊಸೆಯನ್ನು ಸೊಪ್ಪು ತಾ, ಮಾತ್ರೆ ತಾ ಎಂದು ಕಳಿಸುತ್ತಿದ್ದ ಅಜ್ಜಿ, ಅವತ್ತು ಅವರನ್ನು ಸುಮ್ಮನೆ ನಡೆಯಲು ಕಳಿಸಿದರು.

ಪಂಚಮಿಯ ಬೆಳಿಗ್ಗೆ ಆಂಟಿ ಚೀಲ ತಂದು ನಮ್ಮ ಹಾಲ್‌ನ ಮೂಲೆಯಲ್ಲಿಟ್ಟರು. ಶೂ, ಅವಲಕ್ಕಿ, ಟಾರ್ಚು. ಒಂದು ನೀಲಿ ಚೂಡಿದಾರ್ ಕೂಡ ಇತ್ತು. ಅದನ್ನು ಅವರು ವಿಜಯನಗರದಲ್ಲಿ ಯಾರಿಗೂ ಹೇಳದೆ ಹೊಲಿಸಿದ್ದರು. ಅಜ್ಜಿ ಮೇಲಿನ ಕಟಕಟೆ ಹಿಡಿದು ನಿಂತು, "ಕುಂಕುಮ ಇಟ್ಟೆಯಾ ಚೀಲಕ್ಕೆ?" ಎಂದು ಕೇಳಿದರು.

ಸಪ್ತಮಿಯ ದಿನ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಸೊಸೆಯ ಕೈ ಹಿಡಿದು, "ನೀ ಹೋಗಮ್ಮಿ. ಪ್ರಸ್ಥಾನ ಇಟ್ಟಾಗಿದೆ," ಎಂದರು. ಆಂಟಿ ಅವರ ಸೆರಗು ಸರಿಮಾಡಿ, "ಹೋಗ್ತೀನಿ ಬಿಡಿ ಅತ್ತೆ, ಕಡಲೆಲ್ಲಿ ಓಡೋಗತ್ತೆ," ಎಂದರು.

ಅಜ್ಜಿ ಆಮೇಲೆ ಏಳಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಮಲಗಿದಲ್ಲೇ ಇದ್ದರು. ಮೈ ಒರೆಸುವುದು, ಗಂಜಿ ಕುಡಿಸುವುದು, ಮಗ್ಗುಲು ತಿರುಗಿಸುವುದು... ಎಲ್ಲ ಆಂಟಿಯೇ. ಮಧ್ಯಾಹ್ನ ಅಜ್ಜಿಗೆ ಜೋಂಪು ಹತ್ತಿದಾಗ ಕೆಳಗಿಳಿದು ಬರುತ್ತಿದ್ದರು. ಮೂಲೆಯ ಚೀಲದ ಮೇಲಿನ ಧೂಳು ಒರೆಸುತ್ತಿದ್ದರು. ಆಮೇಲೆ ಮೇಜಿನ ಮುಂದೆ ಕೂತು, "ಹೊರಟಂತೂ ಆಗಿದೆ. ಈಗ ಎಲ್ಲಿಗೆ ಬಂದ್ವಿ, ಓದು," ಎನ್ನುತ್ತಿದ್ದರು.

ನಾನು ಪ್ರಿಂಟಿನ ಹಾಳೆ ತೆಗೆದು, ಹಿಂದಿನ ದಿನ ನಿಲ್ಲಿಸಿದಲ್ಲಿಂದ ಮುಂದುವರಿಸುತ್ತಿದ್ದೆ. "ಈಗ ಕಾಡು ಇಳೀತಾ ಇದೀವಿ ಆಂಟಿ. ಬಲಗಡೆ ಒಂದು ತೊರೆ ಇದೆಯಂತೆ."

"ಕೂರೋಕೆ ಕಲ್ಲಿದ್ಯಾ?"

ಹಾಳೆಯಲ್ಲಿ ಕಲ್ಲಿನ ಮಾತಿರಲಿಲ್ಲ. "ಇದೆ, ದೊಡ್ಡದು," ಎನ್ನುತ್ತಿದ್ದೆ. ಆಂಟಿ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದರು.

ಹೀಗೆ ನಿಧಾನವಾಗಿ ಕಾಡು ಇಳಿದೆವು, ಕುಮಟಾ ಬಿಟ್ಟು ಮರಳಿಗೆ ಬಂದೆವು. ಒಂದೊಂದು ದಿನ ಅಜ್ಜಿಗೆ ಜ್ವರವಿದ್ದರೆ ನಡಿಗೆ ಇರುತ್ತಿರಲಿಲ್ಲ. ಕೊನೆಗೆ ಅಘನಾಶಿನಿ ಹೊಳೆಯ ದಡ ಸೇರಿದೆವು. "ದೋಣಿ ಆ ಕಡೆ ಇದೆ. ಕಾದ್ರೆ ಬರುತ್ತಂತೆ," ಎಂದು ಓದಿದೆ.

"ಇವತ್ತು ಬೇಡ. ಗಂಜಿ ಹೊತ್ತಾಯ್ತು. ನಾಳೆ ದಾಟೋಣ."

ಮಾರನೇ ದಿನವೂ ಅವರು ದಾಟಲಿಲ್ಲ. "ಇಲ್ಲೇ ಚೆನ್ನಾಗಿದೆ, ಗಾಳಿ ಬರ್ತಾ ಇದೆ," ಎಂದರು. ಇನ್ನೊಂದು ದಿನ, "ಈ ದೋಣಿ ತುಂಬ್ಕೊಂಡಿದೆ, ಮುಂದಿಂದು ಬರಲಿ." ಹೊಳೆಯ ಆಚೆ ಓದಲು ಉಳಿದದ್ದು ಒಂದೇ ಹಾಳೆ. ಅದು ಅವರಿಗೂ ಕಾಣುತ್ತಿತ್ತು, ನನಗೂ. ಒಂದು ಮಳೆಗಾಲವೆಲ್ಲ ನಾವು ಆ ದಡದಲ್ಲೇ ಕೂತಿದ್ದೆವು. ಅಲ್ಲಿ ಕೂತೇ ಅವರು ತಮ್ಮ ತಂಗಿಯ ಮಗಳ ಮದುವೆಯ ಮಾತಾಡಿದರು, ಹುಳಿಗೆ ಯಾವ ತೊಗರಿ ಬೇಳೆ ಬೇಯುವುದಿಲ್ಲ ಎಂದು ಹೇಳಿದರು.

ಅಜ್ಜಿ ಹೋದ ಮೇಲೆ, "ಈಗ ಹೊರಡೋಣವಾ ಆಂಟಿ?" ಎಂದು ಕೇಳಿದೆ. "ವರ್ಷದ ಕಾರ್ಯ ಆಗ್ಲಿ. ಅವ್ರೇ ಕಳ್ಸಿದ್ದು, ಅವ್ರದ್ದು ಮುಗಿಸ್ಕೊಂಡೇ ಹೋಗೋಣ," ಎಂದರು. ಅದು ಮುಗಿಯುವ ಮೊದಲೇ ಆಂಟಿಯ ಮೈಬಣ್ಣ ಹಳದಿಗೆ ತಿರುಗಿತು. ಕಾಮಾಲೆ ಎಂದುಕೊಂಡಿದ್ದೆವು. ಕಾಮಾಲೆಯಷ್ಟೇ ಆಗಿರಲಿಲ್ಲ... ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಮಾತು ಕಡಿಮೆಯಾಗಿತ್ತು. ಮಂಚದ ಅಂಚಿನಿಂದ ನನ್ನ ಕಾಲು ನೋಡಿ, "ಚಪ್ಪಲಿ ಹಿಮ್ಮಡಿ ಸವೆದೋಗಿದೆ ಕಣೆ, ಬೇರೆ ತಗೋ," ಎಂದರು. ಹ್ಞೂಂ ಎಂದೆ.

ಹದಿಮೂರನೇ ದಿನ ಕಳೆದ ಮೇಲೆ ನಾನು ಚೀಲವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಅಂಕಲ್ ಬಾಗಿಲಲ್ಲೇ ಕೈ ಅಡ್ಡ ಹಿಡಿದರು. ದಿನ, ತಿಥಿ ಯಾವುದನ್ನೂ ಮನಸ್ಸಿನಿಂದ ನಂಬಿದವರಲ್ಲ ಅವರು; ತಾಯಿಗಾಗಿ ನಡೆಸಿಕೊಂಡು ಬಂದವರು.

"ಒಳಗೆ ತರ್ಬೇಡಮ್ಮ," ಎಂದರು. "ಅವಳು ಹೊರಟಿದಾಳೆ. ವಾಪಸ್ ಕರೆದ ಹಾಗಾಗುತ್ತೆ."

ಚೀಲ ಮತ್ತೆ ನಮ್ಮ ಮನೆಗೆ ಬಂತು. ಅಂಕಲ್ ಕೆಂಗೇರಿಯ ತಮ್ಮನ ಮನೆಗೆ ಹೋದ ಮೇಲೂ ಕೆಲವು ವರ್ಷ ಇತ್ತು. ಆಮೇಲೆ ಒಂದು ಮಳೆಗಾಲದಲ್ಲಿ ಗೋಡೆ ಒಸರಿ ಬೂಷ್ಟು ಹಿಡಿಯಿತು. ಶೂಗಳನ್ನು ತೊಳೆದು, ಹೂ ಕಟ್ಟಿ ಮಾರಲು ಬರುವವರಿಗೆ ಕೊಟ್ಟೆ. ಅವರ ಕಾಲಿಗೆ ಸರಿಯಾಯಿತು. ನೀಲಿ ಚೂಡಿದಾರ್ ಬಣ್ಣ ಬಿಟ್ಟಿತ್ತು. ಮೇಲ್ಮನೆಗೆ ಬಾಡಿಗೆಯವರು ಬರುತ್ತಾರೆ, ಹೋಗುತ್ತಾರೆ. ಯಾರ ಹೆಜ್ಜೆಯ ಸದ್ದೂ ನನಗೆ ಗುರುತು ಹತ್ತುವಷ್ಟು ದಿನ ಇರುವುದಿಲ್ಲ.

ಈಗ ಮಗಳು, ಅವಳ ಇಬ್ಬರು ಗೆಳತಿಯರು ಅದೇ ದಾರಿಯಲ್ಲಿ ನಡೆಯಲು ಹೊರಟಿದ್ದಾರೆ. ನನ್ನನ್ನೂ ಬಾ ಎಂದು ಒಂದು ವಾರದಿಂದ ಪೀಡಿಸಿ ಒಪ್ಪಿಸಿದ್ದಾಳೆ. ಭರತ ಇಳಿತದ ಹೊತ್ತನ್ನೆಲ್ಲ ಫೋನೇ ಹೇಳುತ್ತದಂತೆ. ಅವರು ಆರಿಸಿದ ದಿನವನ್ನು ನಾನು ಕ್ಯಾಲೆಂಡರಿನಲ್ಲಿ ನೋಡಿದೆ. ಅಷ್ಟಮಿ. ಬೇಡ ಎನ್ನುವವರು ಈಗ ಈ ಮನೆಯಲ್ಲಿ ಕೆಳಗೂ ಇಲ್ಲ, ಮೇಲೂ ಇಲ್ಲ. ಬೇಡ ಎಂದ ಮೇಲೆ ತಾವೇ ದಾರಿ ಹುಡುಕಿ ಕಳಿಸುವವರೂ ಇಲ್ಲ.

ಮಗಳು ಹೊಸ ಶೂ ಲೇಸು ಬಿಗಿಯುತ್ತ ಕೇಳಿದಳು, "ಅಮ್ಮ, ಮಧ್ಯದಲ್ಲಿ ಒಂದು ರಿವರ್ ಕ್ರಾಸಿಂಗ್ ಇದೆ. ಬೋಟ್ ಮೊದ್ಲೇ ಬುಕ್ ಮಾಡ್ಬೇಕಾ?"

"ಬೇಡ. ಕಾದ್ರೆ ಬರುತ್ತೆ."

ಅವಳು ತಲೆಯೆತ್ತಿದಳು. "ನಿಂಗೆ ಹೆಂಗೆ ಗೊತ್ತು? ನೀನು ಅಲ್ಲಿಗೆ ಹೋಗಿದೀಯಾ?"

ಇಲ್ಲ ಎನ್ನಬೇಕಿತ್ತು.

"ಆ ದಡದ ತನಕ ಹೋಗಿದೀವಿ," ಎಂದೆ. "ದಾಟಿಲ್ಲ."